ವಿಕಿ ಪುಟದ ಚಿಹ್ನೆಗಳು: ನಾನು ಕಲಿತ ಬಗೆ

ಕನ್ನಡ ವಿಕಿಪೀಡಿಯದಲ್ಲಿ ಬರೆಯಬೇಕು ಅನ್ನುವವರು ನಮ್ಮ ಮುಂಬಯಿ ಸುತ್ತಿನ ಡೊಂಬಿವಲಿ, ಮುಲುಂಡ್, ಮಾಟುಂಗಾ ಕಡೆ ಬೇಕಾದಷ್ಟಿದ್ದಾರೆ. ವಿಷಯ ಗೊತ್ತು, ಭಾಷೆಯ ಮೇಲೆ ಹಿಡಿತವೂ ಇದೆ. ಆದರೆ ‘ಸಂಪಾದಿಸಿ’ ಒತ್ತಿದ ಕೂಡಲೇ ಎದುರಾಗುವ ಆವರಣ, ಸಮಚಿಹ್ನೆ, ನಕ್ಷತ್ರಗಳ ಸಾಲು ನೋಡಿಯೇ ಹಿಂದೆ ಸರಿಯುತ್ತಾರೆ. ನಾನು ಕಂಪ್ಯೂಟರ್ ಓದಿದವಳಲ್ಲ, ಫೋರ್ಟ್‌ನ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವವಳು. ದಿನನಿತ್ಯಕ್ಕೆ ಬೇಕಾಗುವ ಚಿಹ್ನೆಗಳು ಹತ್ತೋ ಹನ್ನೆರಡೋ, ಅಷ್ಟೇ. ಅವು ಬಲು ಬೇಗ ಕೈಗೆ ಹತ್ತುತ್ತವೆ.

ಲಾಗಿನ್ ಆದವರಿಗೆಲ್ಲ ಒಂದು ಪ್ರಯೋಗಪುಟ ಸಿಗುತ್ತದೆ. ಚೆನ್ನಾಗಿ ಬರೆದಿರುವ ಲೇಖನವೊಂದರ ಮೂಲ ಪಠ್ಯವನ್ನು ಅಲ್ಲಿಗೆ ಅಂಟಿಸಿಕೊಂಡು, ಒಂದೊಂದೇ ಚಿಹ್ನೆ ಅಳಿಸುತ್ತ ಮುನ್ನೋಟ ನೋಡುವುದು ನನ್ನ ಕ್ರಮವಾಗಿತ್ತು. ಯಾವುದು ಕೆಟ್ಟಿತು ಎಂದು ಕಂಡರೆ ಆ ಚಿಹ್ನೆಯ ಕೆಲಸ ತಾನಾಗಿಯೇ ತಿಳಿಯುತ್ತದೆ. ಹೀಗೆ ಮಾಡುವಾಗ ಕೊನೆಯಲ್ಲಿರುವ [[ವರ್ಗ:...]] ಸಾಲುಗಳನ್ನು ಮೊದಲೇ ತೆಗೆದುಬಿಡಿ. ಇಲ್ಲವಾದರೆ ನಿಮ್ಮ ಪ್ರಯೋಗಪುಟವೂ ಆ ವರ್ಗದ ಪಟ್ಟಿಯಲ್ಲಿ ಹೋಗಿ ಕೂರುತ್ತದೆ.

ಒಂಟಿ ಉದ್ಧರಣ ಚಿಹ್ನೆಯನ್ನು ಪದದ ಎರಡೂ ಬದಿಗೆ ಎರಡೆರಡು ಸಲ ಒತ್ತಿದರೆ ಅಕ್ಷರ ಓರೆಯಾಗುತ್ತದೆ, ಮೂರು ಮೂರು ಸಲ ಒತ್ತಿದರೆ ದಪ್ಪವಾಗುತ್ತದೆ. ಓರೆ ಅಕ್ಷರವನ್ನು ನಾನು ಕನ್ನಡದಲ್ಲಿ ಬಳಸುವುದಿಲ್ಲ. ಹೆಚ್ಚಿನ ಕನ್ನಡ ಫಾಂಟ್‌ಗಳಲ್ಲಿ ಅದಕ್ಕೆ ಬೇರೆ ರೂಪವೇ ಇಲ್ಲ. ಬ್ರೌಸರ್ ಇದ್ದ ಅಕ್ಷರವನ್ನೇ ವಾಲಿಸುತ್ತದೆ, ಒತ್ತಕ್ಷರಗಳು ಕಣ್ಣಿಗೆ ತ್ರಾಸ ಕೊಡುತ್ತವೆ. ವರ್ಡ್‌ನಲ್ಲಿ ಬರೆದು ತಂದು ಅಂಟಿಸುವವರು ಇನ್ನೊಂದು ನೋಡಿಕೊಳ್ಳಬೇಕು. ವರ್ಡ್ ನೇರ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿ ಬದಲಿಸುತ್ತದೆ, ವಿಕಿಗೆ ನೇರ ಚಿಹ್ನೆ ಮಾತ್ರ ಅರ್ಥವಾಗುತ್ತದೆ.

ಶೀರ್ಷಿಕೆಗೆ == ಇತಿಹಾಸ ==, ಉಪಶೀರ್ಷಿಕೆಗೆ ಮೂರು ಸಮಚಿಹ್ನೆ. ದಪ್ಪ ಅಕ್ಷರ ಹಾಕಿ ಶೀರ್ಷಿಕೆಯಂತೆ ಕಾಣಿಸುವುದು ಸಲ್ಲದು. ಪರಿವಿಡಿ ತಯಾರಾಗುವುದು ಸಮಚಿಹ್ನೆಯಿಂದಲೇ. ಹೊಸ ಪ್ಯಾರಾಕ್ಕೆ ಒಂದು ಖಾಲಿ ಸಾಲು ಬಿಡಬೇಕು. ಶಾಲೆಯಲ್ಲಿ ಕಲಿತಂತೆ ಮೊದಲ ಸಾಲಿನ ಮುಂದೆ ಜಾಗ ಬಿಟ್ಟರೆ ಆ ಸಾಲು ಬೂದು ಪೆಟ್ಟಿಗೆಯೊಳಗೆ ಹೋಗುತ್ತದೆ.

ಕನ್ನಡದವರು ನಿಜವಾಗಿ ಮನಸ್ಸಿಟ್ಟು ಕಲಿಯಬೇಕಾದದ್ದು ಕೊಂಡಿಯನ್ನು. [[ಮುಂಬಯಿ]] ಎಂದು ಜೋಡಿ ಚೌಕಾವರಣದಲ್ಲಿ ಬರೆದರೆ ಆ ಪುಟಕ್ಕೆ ಕೊಂಡಿ. ‘ಮುಂಬಯಿಯಲ್ಲಿ’ ಬೇಕಿದ್ದರೆ [[ಮುಂಬಯಿ]]ಯಲ್ಲಿ ಎಂದರೂ ನಡೆಯುತ್ತದೆ. ‘ಬೆಂಗಳೂರಿನಲ್ಲಿ’ ಬಂದಾಗ ಏನು ಮಾಡುವುದು? ವಿಭಕ್ತಿ ಸೇರಿದಾಗ ಕೊನೆಯ ‘ರು’ ಹೋಗಿ ‘ರಿ’ ಆಗುತ್ತದೆ, ಆವರಣದ ಹೊರಗೆ ಏನು ಅಂಟಿಸಿದರೂ ಸರಿಹೋಗದು. ಆಗ ನಿಂತ ಗೆರೆ ಬೇಕು: [[ಬೆಂಗಳೂರು|ಬೆಂಗಳೂರಿನಲ್ಲಿ]]. ಎಡಕ್ಕೆ ಪುಟದ ಹೆಸರು, ಬಲಕ್ಕೆ ಓದುಗರಿಗೆ ಕಾಣುವ ರೂಪ. [[ದಾದರ್|ದಾದರಿನ]], [[ಮೈಸೂರು|ಮೈಸೂರಿಗೆ]], ಹೀಗೆ. ಇಂಗ್ಲಿಷಿನಲ್ಲಿ ವಿಭಕ್ತಿಗಾಗಿ ಬೇಕಾಗದ ಈ ಗೆರೆ ನಮಗೆ ಪ್ಯಾರಾಕ್ಕೆ ನಾಲ್ಕು ಸಲ ಬೇಕು. ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಲಿಮಣೆಯಲ್ಲಿ ತೆರೆಯುವ ಚೌಕಾವರಣದ ಕೀ ‘ಡ’ ಕೊಡುತ್ತದೆ, ಆದ್ದರಿಂದ ಆ ಚಿಹ್ನೆಗಳಿಗೆ ಇಂಗ್ಲಿಷಿಗೆ ಹೊರಳಲೇಬೇಕು. ನಾನು ಮೊದಲು ಇಡೀ ಪ್ಯಾರಾ ಕನ್ನಡದಲ್ಲಿ ಬರೆದು, ಆಮೇಲೆ ಒಂದೇ ಸುತ್ತಿನಲ್ಲಿ ಚಿಹ್ನೆಗಳನ್ನು ತುಂಬುತ್ತೇನೆ.

ಡೊಂಬಿವಲಿಯ ದೊಡ್ಡಪ್ಪನಿಗೆ ಹೇಳಿಕೊಡುವಾಗ ಅವರು ಬರೆದ ಮಾಟುಂಗಾ ಪ್ಯಾರಾದಲ್ಲಿ ಒಂದು ಕೊಂಡಿ ಕೆಂಪಾಗಿತ್ತು.

“ಇದೆಂತ ಮಾರಾಯ್ತಿ, ಉಳಿದದ್ದೆಲ್ಲ ನೀಲಿ, ಇದೊಂದು ಕೆಂಪು?”

“ಆ ಹೆಸರಿನ ಪುಟ ಇನ್ನೂ ಇಲ್ಲ, ದೊಡ್ಡಪ್ಪ.”

“ಹಾಗಾದ್ರೆ ನಾವೇ ಬರೆಯುವ.”

ಬರೆಯಲು ಕೂರುವ ಮುನ್ನ ಹುಡುಕಿ ನೋಡಬೇಕು ಎಂದೆ. ಪುಟ ಇದ್ದೂ ಕೊಂಡಿ ಕೆಂಪಾಗುವುದುಂಟು. ‘ಮುಂಬೈ’, ‘ಮುಂಬಯಿ’ ಎಂಬಂಥ ಕಾಗುಣಿತದ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ್ದು ಒಂದಿದೆ: ‘ಕಿಂಗ್ಸ್ ಸರ್ಕಲ್’ ಎಂದು ಟೈಪಿಸುವಾಗ ‘ಕಿಂಗ್ಸ್’ ಆದ ಮೇಲೆ ಶೂನ್ಯ ಅಗಲದ ಅಕ್ಷರವೊಂದು ನುಸುಳಿದರೆ ನೋಡಲು ಎರಡೂ ಒಂದೇ, ವಿಕಿಗೆ ಮಾತ್ರ ಬೇರೆ ಬೇರೆ ಹೆಸರು. ಒತ್ತಕ್ಷರ ಬಿಡಿಸಲು ನಾವು ದಿನವೂ ಬಳಸುವ ಅಕ್ಷರವೇ ಅದು. ಆದ್ದರಿಂದ ಪುಟದ ಹೆಸರನ್ನು ಟೈಪಿಸದೆ ಆ ಪುಟದ ತಲೆಬರಹದಿಂದಲೇ ನಕಲು ಮಾಡಿ ತರುತ್ತೇನೆ.

ಉಲ್ಲೇಖ ಹಾಕುವುದನ್ನು ಮುಂದೂಡಬೇಡಿ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಲ್ಲಿ ಶುರುವಾಯಿತು ಎಂದು ಬರೆದರೆ, ಆಧಾರ ಆ ವಾಕ್ಯದ ಪೂರ್ಣವಿರಾಮದ ಪಕ್ಕದಲ್ಲೇ ರೆಫ್ ಟ್ಯಾಗಿನೊಳಗೆ, ಅಂದರೆ <ref> ಮತ್ತು </ref> ನಡುವೆ ಇರಬೇಕು. ಟ್ಯಾಗನ್ನು ಓರೆಗೆರೆ ಹಾಕಿ ಮುಚ್ಚಿದ್ದೀರಾ ನೋಡಿ. ತೆರೆದೇ ಉಳಿದರೆ ಪುಟದಲ್ಲಿ ದೋಷದ ಸಂದೇಶ ಕಾಣುತ್ತದೆ. ಮುಂಬಯಿ ಕನ್ನಡ ಸಂಘಗಳ ಬಗ್ಗೆ ನಮ್ಮ ಹಿರಿಯರಿಗೆ ಗೊತ್ತಿರುವುದು ಹಳೆಯ ಸ್ಮರಣ ಸಂಚಿಕೆಗಳಲ್ಲಿ ಅಚ್ಚಾಗಿದೆ. ಸಂಚಿಕೆಯ ಹೆಸರು, ವರ್ಷ, ಪುಟಸಂಖ್ಯೆ ಕೈಯಲ್ಲಿರುವಾಗಲೇ ಬರೆದುಬಿಡಿ, ಆಮೇಲೆ ಆ ಸಂಚಿಕೆ ಮತ್ತೆ ಕೈಗೆ ಸಿಗುವುದಿಲ್ಲ.

ಸಂಶಯ ಬಂದರೆ ಕನ್ನಡ ವಿಕಿಪೀಡಿಯದ ‘ಅರಳಿ ಕಟ್ಟೆ’ ಎಂಬ ಚರ್ಚಾಪುಟದಲ್ಲಿ ಕೇಳಬಹುದು. ಪ್ರಶ್ನೆಯ ಕೊನೆಗೆ ~~~~ ಹಾಕಿದರೆ ನಿಮ್ಮ ಸಹಿ, ದಿನಾಂಕ ತಾನಾಗಿ ಬರುತ್ತದೆ. ಕೋಷ್ಟಕವನ್ನು ಮಾತ್ರ ನಾನು ಈಗಲೂ ಚಿಹ್ನೆಗಳಿಂದ ಬರೆಯುವುದಿಲ್ಲ, ಚಿಹ್ನೆಗಳಿಲ್ಲದೆ ತಿದ್ದಲು ಬರುವ ವಿಶುವಲ್ ಎಡಿಟರ್ ತೆರೆದು ಮಾಡುತ್ತೇನೆ. ಮೊದಲ ಲೇಖನಕ್ಕೆ ಅದು ಬೇಕಾಗುವುದೂ ಇಲ್ಲ.