ಬಿಕಿಲಾ ಓಡುವಾಗ ಮೈಕ್ ಕೆಳಗಿಟ್ಟೆ

ನಮ್ಮ ಶಾಲೆಯ ಮಕ್ಕಳಿಗೆ ‘ಟೋಕಿಯೋ ಒಲಿಂಪಿಯಾಡ್’ ತೋರಿಸಲು ಹೊರಟಾಗ ಎದುರಾದ ತೊಡಕು ಭಾಷೆಯದು. 1964ರ ಒಲಿಂಪಿಕ್ಸ್ ಕುರಿತು ಕೋನ್ ಇಚಿಕಾವಾ ಮಾಡಿದ ಈ ಸಾಕ್ಷ್ಯಚಿತ್ರದ ನಿರೂಪಣೆ ಜಪಾನಿ ಭಾಷೆಯಲ್ಲಿದೆ. ಇಂಗ್ಲಿಷ್ ಅಡಿಬರಹ ಓದಿ ಮುಗಿಸುವಷ್ಟರಲ್ಲಿ ಏಳನೆಯ ತರಗತಿಯವರಿಗೆ ದೃಶ್ಯವೇ ದಾಟಿಹೋಗುತ್ತದೆ. ಮೈಕ್ ಹಿಡಿದು ಕನ್ನಡದಲ್ಲಿ ನಾನೇ ಹೇಳುವುದೆಂದು ನಿಶ್ಚಯಿಸಿದೆ.

ಚಿತ್ರ ಸುಮಾರು 170 ನಿಮಿಷದ್ದು. ಎರಡು ಸಂಜೆಗೆ ಹಂಚಿದೆ. ಮೂರು ಸಲ ನೋಡಿ, ಯಾವ ನಿಮಿಷಕ್ಕೆ ಯಾವ ಮಾತು ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡೆ. ಮ್ಯಾರಥಾನ್ ಒಂದಕ್ಕೇ ನಾಲ್ಕು ಪುಟ ತುಂಬಿತು. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರಲ್ಲಿ ರೋಮ್‌ನಲ್ಲಿ ಬರಿಗಾಲಲ್ಲೇ ಓಡಿ ಗೆದ್ದದ್ದು, ಟೋಕಿಯೋಗೆ ಕೆಲವೇ ವಾರ ಮೊದಲು ಅವರಿಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಆದದ್ದು, ಆದರೂ 2 ಗಂಟೆ 12 ನಿಮಿಷದಲ್ಲಿ ಗುರಿ ಮುಟ್ಟಿದ್ದು, ಒಂದನ್ನೂ ಬಿಡಲು ಮನಸ್ಸಾಗಲಿಲ್ಲ.

ಮೊದಲು ಹತ್ತು ಮಕ್ಕಳನ್ನು ಕೂರಿಸಿ, ಕಿಟಕಿಗಳಿಗೆ ಜಮಖಾನ ಕಟ್ಟಿ ಪರೀಕ್ಷೆ ಮಾಡಿದೆ. ಪರದೆಯ ತುಂಬ ಬಿಕಿಲಾ ಅವರ ಮುಖ, ನಿಧಾನಗತಿಯ ಓಟ, ಬೆವರು. ನಾನು ಓದುತ್ತಲೇ ಇದ್ದೆ. ತಲೆಯೆತ್ತಿದರೆ ಮಕ್ಕಳು ಪರದೆ ಬಿಟ್ಟು ನನ್ನನ್ನೇ ನೋಡುತ್ತಿದ್ದರು! ಇಚಿಕಾವಾ ಅಷ್ಟು ಹೊತ್ತು ಆ ಮುಖವನ್ನು ಹಿಡಿದಿಟ್ಟದ್ದು ನೋಡಲೆಂದು. ನಾನು ಅದಕ್ಕೇ ಅಡ್ಡ ನಿಂತಿದ್ದೆ.

ಅಂದು ರಾತ್ರಿಯೇ ನಾಲ್ಕು ಪುಟವನ್ನು ಆರು ಸಾಲಿಗೆ ಇಳಿಸಿದೆ. ಹಿನ್ನೆಲೆಯನ್ನೆಲ್ಲ ಚಿತ್ರ ಶುರುವಾಗುವ ಮೊದಲೇ ಕಥೆಯಾಗಿ ಹೇಳುವುದೆಂದು ತೀರ್ಮಾನಿಸಿದೆ. ಅದೇ ಕೂಟದಲ್ಲಿ ಭಾರತ ಪಾಕಿಸ್ತಾನವನ್ನು 1–0ರಿಂದ ಸೋಲಿಸಿ ಹಾಕಿಯಲ್ಲಿ ಚಿನ್ನ ಗೆದ್ದ ಸಂಗತಿಯೂ ಅಲ್ಲೇ ಬಂತು; ಮಕ್ಕಳು ಚಪ್ಪಾಳೆ ತಟ್ಟಿದರು.

ಆಫ್ರಿಕಾದ ಚಾಡ್ ದೇಶದಿಂದ ಬಂದ ಓಟಗಾರ ಅಹ್ಮದ್ ಈಸಾ ಒಲಿಂಪಿಕ್ ಗ್ರಾಮದಲ್ಲಿ ಒಬ್ಬರೇ ಕುಳಿತು ಉಣ್ಣುವ ದೃಶ್ಯಕ್ಕೆ ಒಂದೇ ಸಾಲು ಇಟ್ಟುಕೊಂಡಿದ್ದೆ: “ಇವರ ದೇಶಕ್ಕೆ ಸ್ವಾತಂತ್ರ್ಯ ಬಂದು ನಾಲ್ಕೇ ವರ್ಷ.” ಮುಂದಿನ ಸಾಲಿನ ಹುಡುಗಿ ಮೆಲ್ಲಗೆ, “ಸರ್, ಅವರ ಜೊತೆ ಊಟಕ್ಕೆ ಯಾರೂ ಬರಲಿಲ್ಲವಾ?” ಎಂದಳು. ಈ ಚಿತ್ರ ಇರುವುದೇ ಆ ಪ್ರಶ್ನೆಗಾಗಿ ಎಂದು ನನಗೆ ಅನ್ನಿಸಿತು.

ಮ್ಯಾರಥಾನ್ ಬಂದಾಗ ಮೈಕ್ ಕೆಳಗಿಟ್ಟೆ. ಜಪಾನಿನ ತ್ಸುಬುರಾಯಾ ಎರಡನೆಯವರಾಗಿ ಕ್ರೀಡಾಂಗಣಕ್ಕೆ ಬಂದರೂ, ಕೊನೆಯ ಸುತ್ತಿನಲ್ಲಿ ಬ್ರಿಟನ್ನಿನ ಹೀಟ್ಲಿ ಬಂದು ತ್ಸುಬುರಾಯಾ ಅವರನ್ನು ಹಿಂದೆ ಹಾಕಿದಾಗ, ಹಿಂದಿನ ಬೆಂಚುಗಳಿಂದ “ಅಯ್ಯೋ” ಎಂಬ ಉದ್ಗಾರ ಒಟ್ಟಿಗೇ ಎದ್ದಿತು.