ದ್ರೆಷ್ ಮಿಹಾಯ್ ಅವರ ಸಂಗೀತವನ್ನು ಕೇಳುತ್ತ ಹೋಗುವ ಕ್ರಮ

ಹಂಗೇರಿಯ ಸ್ಯಾಕ್ಸೊಫೋನ್ ವಾದಕ ದ್ರೆಷ್ ಮಿಹಾಯ್ ಅವರ ಧ್ವನಿಮುದ್ರಿಕೆಯನ್ನು ಮೊದಲ ಸಲ ಕೇಳುವವರು ಅದರಲ್ಲಿ ಜಾನಪದ ಎಲ್ಲಿ ಮುಗಿಯಿತು, ಜಾಝ್ ಎಲ್ಲಿ ಶುರುವಾಯಿತು ಎಂದು ಗಡಿ ಹುಡುಕಲು ತೊಡಗುತ್ತಾರೆ. ಆ ಹುಡುಕಾಟದಿಂದ ಸಂಗೀತ ಕೈಗೆ ಸಿಗುವುದಿಲ್ಲ. 1955ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಈ ಕಲಾವಿದರು ಹಳ್ಳಿಯ ಹಾಡುಗಾರರ ಉಸಿರಿನ ಅಳತೆಯನ್ನೇ ಟೆನರ್ ಸ್ಯಾಕ್ಸೊಫೋನಿಗೆ ತಂದುಕೊಂಡವರು. ಆದ್ದರಿಂದ ಅವರ ವೃತ್ತಿಜೀವನವನ್ನು ಅರಿಯಬಯಸುವವರು ಜಾಝ್‌ನಿಂದಲ್ಲ, ಹಾಡಿನಿಂದ ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಧ್ವನಿಮುದ್ರಿಕೆಗಳನ್ನು ಹುಡುಕುವಾಗ ಹೆಸರನ್ನು ಎರಡೂ ಕ್ರಮದಲ್ಲಿ ಹಾಕಿ ನೋಡಬೇಕು. ಹಂಗೇರಿಯಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಹೊರದೇಶಗಳ ಪಟ್ಟಿಗಳಲ್ಲಿ ಅದೇ ವ್ಯಕ್ತಿ ಮಿಹಾಯ್ ದ್ರೆಷ್ ಆಗಿರುತ್ತಾರೆ.

ಮೊದಲು ಹಂಗೇರಿಯ ಸಂಗೀತ ರಚನೆಕಾರರಾದ ಬಾರ್ಟೋಕ್ ಮತ್ತು ಕೋದಾಯ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಳ್ಳಿಗಳನ್ನು ಸುತ್ತಿ ಫೋನೋಗ್ರಾಫ್‌ನಲ್ಲಿ ಹಿಡಿದಿಟ್ಟ ಹಾಡುಗಳಂಥ ಹಳೆಯ ಶೈಲಿಯ ರೈತಗೀತೆಯೊಂದನ್ನು ಆರಿಸಿಕೊಂಡು, ಅದು ಬಾಯಿಗೆ ಬರುವವರೆಗೆ ಕೇಳಬೇಕು. ಕೇಳುವಾಗ ಎರಡು ಸಂಗತಿಗಳ ಕಡೆ ಗಮನವಿರಲಿ. ಇಂಥ ಹಾಡು ಎತ್ತರದ ಸ್ವರದಲ್ಲಿ ತೊಡಗಿ ಕೆಳಗಿಳಿಯುತ್ತ ಹೋಗುತ್ತದೆ. ಅನೇಕ ಹಾಡುಗಳಲ್ಲಿ ಮೊದಲರ್ಧದ ಧಾಟಿಯೇ ಎರಡನೆಯ ಅರ್ಧದಲ್ಲಿ ಐದು ಸ್ವರಗಳಷ್ಟು ಕೆಳಗಿನ ನೆಲೆಯಲ್ಲಿ, ಅಂದರೆ ಪಂಚಮದ ಅಂತರದಲ್ಲಿ, ಮರಳಿ ಬರುತ್ತದೆ. ಎರಡನೆಯದು ಲಯದ ವಿಷಯ. ಪರ್ಲಾಂಡೊ ಎಂದು ಕರೆಯಲಾಗುವ ಬಗೆಯ ಹಾಡುಗಳಲ್ಲಿ ತಾಳದ ಕಟ್ಟು ಇರುವುದಿಲ್ಲ, ಮಾತಿನ ಓಟವೇ ಲಯವಾಗಿರುತ್ತದೆ. ಹಂಗೇರಿಯನ್ ಭಾಷೆಯಲ್ಲಿ ಪ್ರತಿಯೊಂದು ಪದದ ಮೊದಲ ಅಕ್ಷರಕ್ಕೇ ಒತ್ತು ಬೀಳುವುದರಿಂದ ಸಾಲು ಗಟ್ಟಿಯಾಗಿ ಎದ್ದು ಕೊನೆಯಲ್ಲಿ ಸಡಿಲವಾಗುತ್ತದೆ. ಆಲಾಪನೆ ಕೇಳಿ ಪಳಗಿದ ಕಿವಿಗೆ ತಾಳವಿಲ್ಲದ ಈ ನಡೆ ಅಪರಿಚಿತವೆನಿಸದು, ಆದರೆ ಇಲ್ಲಿ ಸ್ವರವನ್ನು ಮುನ್ನಡೆಸುವುದು ಪದ ಎಂಬುದನ್ನು ಮರೆಯಬಾರದು.

ಆಮೇಲೆ, ಈಗ ರೊಮೇನಿಯದಲ್ಲಿರುವ ಟ್ರಾನ್ಸಿಲ್ವೇನಿಯ ಪ್ರದೇಶದ ಹಳ್ಳಿಗಳ ತಂತಿವಾದ್ಯ ಮೇಳವೊಂದನ್ನು ಕೇಳಬೇಕು, ಇದನ್ನು ಮಾತ್ರ ಯಾರೂ ಬಿಡಬಾರದು. ಮುಖ್ಯ ಪಿಟೀಲಿನ ಪಕ್ಕದಲ್ಲಿ ಕೊಂಟ್ರಾ ಎಂಬ ಮೂರು ತಂತಿಯ ವಾದ್ಯವಿರುತ್ತದೆ. ಅದರ ಕುದುರೆ, ಎಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು, ಬಾಗಿರದೆ ಚಪ್ಪಟೆಯಾಗಿರುವುದರಿಂದ ಕಮಾನು ಮೂರೂ ತಂತಿಗಳನ್ನು ಒಟ್ಟಿಗೆ ಮುಟ್ಟಿ ಸ್ವರಮೇಳವನ್ನು ಹೊರಡಿಸುತ್ತದೆ. ದ್ಯೂವೋ ಎಂಬ ನಡೆಯಲ್ಲಿ ವಾದಕರು ಕಮಾನನ್ನು ಎತ್ತದೆ ಒಂದೇ ಎಳೆತದಲ್ಲಿ ಎರಡು ಸ್ವರಗಳನ್ನು ನುಡಿಸಿ, ಎರಡನೆಯದಕ್ಕೆ ಒತ್ತು ಕೊಡುತ್ತಾರೆ. ಒಳಗಿನಿಂದ ನೂಕಿದಂತೆ ಲಯ ಮುಂದಕ್ಕೆ ವಾಲುತ್ತದೆ. 1972ರಲ್ಲಿ ಬುಡಾಪೆಸ್ಟ್‌ನಲ್ಲಿ ಶುರುವಾದ ತಾಂತ್ಸ್‌ಹಾಜ್, ಎಂದರೆ ನೃತ್ಯಮನೆ ಚಳವಳಿ, ಈ ವಾದ್ಯಗಳನ್ನೂ ಕುಣಿತಗಳನ್ನೂ ನಗರದ ಯುವಜನರ ನಡುವೆ ತಂದಿತು. ದ್ರೆಷ್ ಆ ಪೀಳಿಗೆಯವರು. ಅವರ ಕ್ವಾರ್ಟೆಟ್‌ನ, ಎಂದರೆ ನಾಲ್ವರ ಮೇಳದ, ಮುದ್ರಣಗಳಲ್ಲಿ ಸ್ಯಾಕ್ಸೊಫೋನನ್ನು ತುಸು ಮರೆತು ಡಬಲ್ ಬಾಸ್ ಮತ್ತು ಡ್ರಮ್ಸ್ ಕಡೆಗೆ ಕಿವಿಗೊಟ್ಟರೆ, ಅಮೆರಿಕದ ಜಾಝ್‌ನ ತೂಗಾಡುವ ಲಯವಾದ ಸ್ವಿಂಗ್ ಇರಬೇಕಾದ ಎಡೆಯಲ್ಲಿ ಈ ವಾಲುವಿಕೆ ಸಿಗುವ ಕ್ಷಣಗಳಿವೆ. ಅದು ಒಮ್ಮೆ ಕಿವಿಗೆ ಬಿದ್ದರೆ ಉಳಿದ ದಾರಿ ಸುಲಭವಾಗುತ್ತದೆ.

ಮುಂದಿನ ಹೆಜ್ಜೆ ಪಿಯಾನೊ ವಾದಕ ಸಬಾದೋಶ್ ಜ್ಯೋರ್ಜ್ (1939–2011). ಹಂಗೇರಿಯ ಫ್ರೀ ಜಾಝ್‌ಗೆ, ಎಂದರೆ ನಿಗದಿತ ತಾಳ ಮತ್ತು ಸ್ವರಮೇಳಗಳ ಕಟ್ಟಿನಿಂದ ಬಿಡಿಸಿಕೊಂಡ ಜಾಝ್‌ಗೆ, ಅಡಿಪಾಯ ಹಾಕಿದವರೆಂದು ಎಲ್ಲರೂ ಗೌರವಿಸುವ ಇವರ ಮೇಳಗಳಲ್ಲಿ ದ್ರೆಷ್ ನುಡಿಸಿದ್ದಾರೆ. ಧ್ವನಿಮುದ್ರಣವೆಲ್ಲ ಸರ್ಕಾರದ ಕೈಯಲ್ಲಿದ್ದ ಕಾಲದಲ್ಲಿ, 1975ರಲ್ಲಿ, ಸಬಾದೋಶ್ ಅವರ ‘ಅಜ್ ಎಶ್ಕ್ಯುವೋ’ ಎಂಬ ಧ್ವನಿಮುದ್ರಿಕೆ ಹೊರಬಂದಿತು. ಅದನ್ನು ಬೇರೆ ಕೆಲಸದ ಜೊತೆಗೆ ಹಿನ್ನೆಲೆಯಾಗಿ ಹಾಕಿಕೊಂಡರೆ ಗದ್ದಲವಷ್ಟೇ ಉಳಿಯುತ್ತದೆ, ಕುಳಿತು ಕೇಳಬೇಕು. ಪಾಶ್ಚಾತ್ಯ ಫ್ರೀ ಜಾಝ್‌ನ ಅನುಕರಣೆ ಮಾಡದೆ, ತಾಳದ ಕಟ್ಟು ಬಿಡಿಸಿಕೊಳ್ಳುವ ಸ್ವಾತಂತ್ರ್ಯವನ್ನು ತಮ್ಮ ನೆಲದ ಪರ್ಲಾಂಡೊದಲ್ಲೇ ಕಂಡುಕೊಂಡದ್ದು ಸಬಾದೋಶ್ ಅವರ ದೊಡ್ಡ ಕಾಣಿಕೆಯೆಂದು ನಾನು ಭಾವಿಸುತ್ತೇನೆ. ದ್ರೆಷ್ ಅವರನ್ನು ಅವಾಂಗಾರ್ಡ್, ಎಂದರೆ ರೂಢಿ ಮುರಿದು ಹೊಸ ಪ್ರಯೋಗಕ್ಕಿಳಿಯುವ, ಕಲಾವಿದರೆಂದು ಏಕೆ ಕರೆಯುತ್ತಾರೆ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ, ಏಕೆಂದರೆ ಅವರ ನಂತರದ ಮಧುರವಾದ ಮುದ್ರಿಕೆಗಳನ್ನಷ್ಟೇ ಕೇಳಿದವರಿಗೆ ಆ ಹೆಸರು ಹೊಂದುವುದಿಲ್ಲವೆನಿಸಬಹುದು.

ಈಗ ದ್ರೆಷ್ ಅವರ ಕ್ವಾರ್ಟೆಟ್‌ಗೆ ಬರಬೇಕು, ಅದರಲ್ಲೂ 2002ರ ‘ಹಂಗೇರಿಯನ್ ಬಿಬಾಪ್’ ಮುದ್ರಿಕೆಯಿಂದ ತೊಡಗುವುದು ಒಳ್ಳೆಯದು. ಅದರಲ್ಲಿ ಅಮೆರಿಕದ ಹಿರಿಯ ಸ್ಯಾಕ್ಸೊಫೋನ್ ವಾದಕ ಆರ್ಚಿ ಶೆಪ್ ಅತಿಥಿಯಾಗಿ ಬಂದಿದ್ದಾರೆ. ಒಂದೇ ಮುದ್ರಿಕೆಯಲ್ಲಿ ಇಬ್ಬರು ಸ್ಯಾಕ್ಸೊಫೋನ್ ವಾದಕರು ಸಿಗುವುದರಿಂದ ಹೋಲಿಸಿ ಕೇಳಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಇನ್ನೊಂದಿಲ್ಲ. ಶೆಪ್ ಅವರ ನಾದ ಒರಟಾಗಿ, ಬ್ಲೂಸ್‌ನ ಬಾಗುವಿಕೆಯಿಂದ ಕೂಡಿರುತ್ತದೆ. ದ್ರೆಷ್ ಅವರಲ್ಲಿ ಸಾಲಿನ ಮೊದಲ ಸ್ವರಕ್ಕೆ ಬೀಳುವ ಒತ್ತು, ಪಿಟೀಲುಗಾರರ ಸಣ್ಣ ಗಮಕಗಳು, ಕೆಳಗಿಳಿಯುವ ಮುಕ್ತಾಯ ಕೇಳಿಸುತ್ತವೆ. ಯಾರು ನುಡಿಸುತ್ತಿದ್ದಾರೆಂದು ಹೆಸರು ನೋಡದೆ ಗುರುತಿಸಲು ಪ್ರಯತ್ನಿಸಬೇಕು. ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ನೆರಳು ದ್ರೆಷ್ ಅವರ ದೀರ್ಘ ಏಕವಾದನಗಳ ಮೇಲೆ ಇದ್ದೇ ಇದೆ. ಅದನ್ನು ಒಪ್ಪಿಕೊಂಡು ಕೇಳಿದರೂ ಅವರ ಸ್ವಂತಿಕೆಗೆ ಕೊರತೆಯಾಗುವುದಿಲ್ಲ.

ಇದಾದ ಮೇಲೆ ಲುಕಾಚ್ ಮಿಕ್ಲೋಶ್ ಅವರು ಸಿಂಬಲೋಮ್ ನುಡಿಸಿರುವ ಮುದ್ರಣಗಳನ್ನು ಆರಿಸಿಕೊಳ್ಳಬೇಕು. ಸಿಂಬಲೋಮ್ ನಮ್ಮ ಸಂತೂರ್‌ನ ಕುಲಕ್ಕೆ ಸೇರಿದ, ಕೋಲುಗಳಿಂದ ತಂತಿಗಳನ್ನು ಬಡಿದು ನುಡಿಸುವ ವಾದ್ಯ. ಸಾಮಾನ್ಯ ಜಾಝ್ ಕ್ವಾರ್ಟೆಟ್‌ನಲ್ಲಿ ಪಿಯಾನೊ ಕೂರುವ ಜಾಗದಲ್ಲಿ ಅದು ಕೂತಾಗ ಸ್ವರಮೇಳದ ತೂಕ ಇಳಿದು, ಸ್ಯಾಕ್ಸೊಫೋನಿಗೆ ಉಸಿರಾಡಲು ಹೆಚ್ಚು ಎಡೆ ಸಿಗುತ್ತದೆ.

ಸ್ಯಾಕ್ಸೊಫೋನಿನಷ್ಟೇ ಆಸ್ಥೆಯಿಂದ ಅವರ ಕೊಳಲುಗಳನ್ನೂ ಕೇಳಬೇಕು. ಹಳ್ಳಿಯ ಫುರುಯಾ ಕೊಳಲಿನ ನಾದವನ್ನು ಉಳಿಸಿಕೊಂಡು, ಕೀಲಿಗಳ ನೆರವಿನಿಂದ ಎಲ್ಲ ಸ್ವರಗಳನ್ನೂ ನುಡಿಸಲು ಅನುವಾಗುವಂತೆ ಅವರು ಫುಹುನ್ ಎಂಬ ವಾದ್ಯವನ್ನು ರೂಪಿಸಿಕೊಂಡರು. ಬುಡಾಪೆಸ್ಟ್‌ಗೆ ಹೋಗುವ ಅವಕಾಶವಿರುವವರು ಬುಡಾಪೆಸ್ಟ್ ಮ್ಯೂಸಿಕ್ ಸೆಂಟರ್‌ನೊಳಗೆ 2013ರಲ್ಲಿ ತೆರೆದ ಓಪುಸ್ ಜಾಝ್ ಕ್ಲಬ್‌ನ ಕಾರ್ಯಕ್ರಮಪಟ್ಟಿಯನ್ನು ಮುಂಚಿತವಾಗಿ ನೋಡಿಕೊಳ್ಳಲಿ. ಅಲ್ಲಿ ಬಾಸ್ ವಾದಕರ ಕಮಾನು ಕಾಣುವಂಥ ಜಾಗ ಹಿಡಿದು ಕೂತರೆ, ಮುದ್ರಣದಲ್ಲಿ ಊಹಿಸಿಕೊಂಡ ದ್ಯೂವೋ ನಡೆಯನ್ನು ಕಣ್ಣಿನಿಂದಲೂ ಹಿಂಬಾಲಿಸಬಹುದು.