ಹಳೆಯ ಚೆಸ್ ಟೂರ್ನಿಗಳ ಬಲ ಅಳೆದದ್ದು ಹೀಗೆ

1938ರ ನೆದರ್‌ಲ್ಯಾಂಡ್ಸ್‌ನ ಆವ್ರೊ ಟೂರ್ನಿ ಗಟ್ಟಿಯೋ, 1936ರ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಟೂರ್ನಿ ಗಟ್ಟಿಯೋ? ಚೆಸ್ ಇತಿಹಾಸದ ಹುಚ್ಚು ಇರುವ ಇಬ್ಬರು ಸೇರಿದರೆ ಈ ಮಾತು ಬಂದೇ ಬರುತ್ತದೆ. ಜಾಸ್ತಿ ಜನ ಆವ್ರೊ ಅಂತಾರೆ. ಯಾಕೆ ಅಂದರೆ ಆಡಿದವರ ಹೆಸರು ಒಂದೊಂದಾಗಿ ಹೇಳ್ತಾರೆ. ನನಗೆ ಹೆಸರಿನ ಜೊತೆಗೆ ಲೆಕ್ಕವೂ ಬೇಕಿತ್ತು. ಹಾಗಾಗಿ 1895ರಿಂದ ಎರಡನೇ ಮಹಾಯುದ್ಧದವರೆಗಿನ ದೊಡ್ಡ ಟೂರ್ನಿಗಳಿಗೆ ನಾನೇ ಕೂತು ರೇಟಿಂಗ್, ಅಂದರೆ ಬಲ ಹೇಳುವ ಸಂಖ್ಯೆ, ಹಾಕಿದೆ. ಬೇಕಾದದ್ದು ಒಂದು ಲ್ಯಾಪ್‌ಟಾಪ್, ಒಂದು ಎಕ್ಸೆಲ್ ಶೀಟ್, ಮತ್ತೆ ತುಂಬಾ ತಾಳ್ಮೆ. ಗಣಿತ ಹೈಸ್ಕೂಲ್ ಮಟ್ಟದ್ದು ಸಾಕು.

ಆ ಕಾಲದಲ್ಲಿ ರೇಟಿಂಗ್ ಅನ್ನುವುದೇ ಇರಲಿಲ್ಲ. ಮಿಲ್ವಾಕಿಯಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದ ಅರ್ಪಾದ್ ಎಲೊ ಅವರ ಪದ್ಧತಿಯನ್ನು ಅಮೆರಿಕದ ಚೆಸ್ ಫೆಡರೇಷನ್ 1960ರಲ್ಲಿ ಒಪ್ಪಿಕೊಂಡಿತು, ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ 1970ರಲ್ಲಿ. ಎಲೊ ಅವರೇ ಹಿಂದಕ್ಕೆ ಹೋಗಿ ಹಳಬರಿಗೂ ರೇಟಿಂಗ್ ಕೊಟ್ಟರು. 1978ರ ಅವರ ಪುಸ್ತಕದಲ್ಲಿ ಕ್ಯಾಪಬ್ಲಾಂಕಾಗೆ 2725, ಲಾಸ್ಕರ್‌ಗೆ 2720, ಮಾರ್ಫಿಗೆ 2690 ಇದೆ. ಆಮೇಲೆ ಅಂಕಿಅಂಶ ತಜ್ಞ ಜೆಫ್ ಸೋನಾಸ್ ತಿಂಗಳು ತಿಂಗಳ ಪಟ್ಟಿಯನ್ನೇ ಮಾಡಿದರು. ಎಲೊ ಅವರ ಆ ಸಂಖ್ಯೆಗಳು ಒಬ್ಬೊಬ್ಬ ಆಟಗಾರನ ಅತ್ಯುತ್ತಮ ಐದು ವರ್ಷಗಳ ಸರಾಸರಿ. ಆಟಗಾರರನ್ನು ಹೋಲಿಸಲು ಅದು ಸರಿ. ಟೂರ್ನಿಯ ಬಲ ಅಳೆಯಲು ಸಾಲದು. 1914ರ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅಲೆಖಿನ್‌ಗೆ 21 ವರ್ಷ. ಅವರಿಗೆ ವಿಶ್ವ ಚಾಂಪಿಯನ್ ಅಲೆಖಿನ್‌ನ ರೇಟಿಂಗ್ ಕೊಟ್ಟರೆ ಮುಂದೆ ಆಗಲಿರುವುದನ್ನು ಹಿಂದಕ್ಕೆ ಸಾಗಿಸಿದ ಹಾಗೆ. ಅದಕ್ಕೇ ನನ್ನ ಮೊದಲ ನಿಯಮ: ಒಂದು ಟೂರ್ನಿಗೆ ರೇಟಿಂಗ್ ಹಾಕುವಾಗ ಅದು ಶುರುವಾಗುವ ಹಿಂದಿನ ದಿನದವರೆಗಿನ ಫಲಿತಾಂಶ ಮಾತ್ರ ಲೆಕ್ಕಕ್ಕೆ. ತೀರಾ ಹಳೆಯ ಫಲಿತಾಂಶಕ್ಕೆ ತೂಕ ಕಮ್ಮಿ, ಹೊಸದಕ್ಕೆ ಜಾಸ್ತಿ.

ಕಚ್ಚಾ ಸಾಮಗ್ರಿ ಅಂದರೆ ಕ್ರಾಸ್‌ಟೇಬಲ್. ಯಾರು ಯಾರ ಮೇಲೆ ಗೆದ್ದರು, ಯಾರ ಜೊತೆ ಡ್ರಾ ಮಾಡಿಕೊಂಡರು ಅನ್ನುವ ಚೌಕದ ಪಟ್ಟಿ. ಇದನ್ನು ಟೈಪ್ ಮಾಡಿದ ಕೂಡಲೇ ಕೂಡಿ ನೋಡಬೇಕು. ನಾಟಿಂಗ್‌ಹ್ಯಾಮ್‌ನಲ್ಲಿ 15 ಜನ, ಪ್ರತಿಯೊಬ್ಬರೂ ಎಲ್ಲರೊಡನೆ ಒಂದೊಂದು ಆಟ. ಗೆಲುವಿಗೆ 1, ಡ್ರಾಗೆ ಅರ್ಧ. ಅಂದರೆ 105 ಆಟ, 105 ಪಾಯಿಂಟ್. ಬೊಟ್ವಿನ್ನಿಕ್, ಕ್ಯಾಪಬ್ಲಾಂಕಾ ತಲಾ 10. ಯೂವೆ, ಫೈನ್, ರೆಶೆವ್‌ಸ್ಕಿ ತಲಾ 9.5. ಅಲೆಖಿನ್ 9. ಫ್ಲೋರ್, ಲಾಸ್ಕರ್ ತಲಾ 8.5. ಇಲ್ಲಿಂದ ಒಂದು ದೊಡ್ಡ ಕಂದರ. ವಿಡ್‌ಮಾರ್ 6, ಬೊಗೊಲ್ಯುಬೊವ್ ಮತ್ತು ಟಾರ್ಟಕೋವರ್ 5.5, ಕೊನೆಗೆ ಟೈಲರ್, ಅಲೆಕ್ಸಾಂಡರ್, ಥಾಮಸ್, ವಿಂಟರ್ ಎಂಬ ನಾಲ್ವರು ಇಂಗ್ಲಿಷ್ ಆಟಗಾರರು, 4.5ರಿಂದ 2.5ರವರೆಗೆ. ಕೂಡಿದರೆ ಸರಿಯಾಗಿ 105. ಕೂಡಿಕೆ ತಪ್ಪಿದರೆ ಮುಂದಕ್ಕೆ ಹೋಗಲೇಬಾರದು, ಎಲ್ಲೋ ಒಂದು ಅರ್ಧ ಪಾಯಿಂಟ್ ಜಾರಿದೆ ಅಂತಲೇ ಅರ್ಥ. ಎದುರಾಳಿ ಬಾರದೆ ಸಿಕ್ಕ ಪಾಯಿಂಟ್ ಇದ್ದರೆ ರೇಟಿಂಗ್ ಲೆಕ್ಕದಿಂದ ತೆಗೆಯುತ್ತೇನೆ. ಆಡದ ಆಟಕ್ಕೆ ರೇಟಿಂಗ್ ಯಾಕೆ, ಅಲ್ವಾ?

ಲೆಕ್ಕದ ತಿರುಳು ಸರಳ. ಇಬ್ಬರ ರೇಟಿಂಗ್ ನಡುವೆ 100 ಪಾಯಿಂಟ್ ವ್ಯತ್ಯಾಸ ಇದ್ದರೆ ಮೇಲಿನವನು ಸುಮಾರು ಶೇ 64ರಷ್ಟು ಅಂಕ ಗಳಿಸಬೇಕು. 200 ಇದ್ದರೆ ಶೇ 76. 400 ಇದ್ದರೆ ಶೇ 91. ಮೊದಲು ಎಲ್ಲರಿಗೂ 2500 ಕೊಡಿ. ಬೊಟ್ವಿನ್ನಿಕ್ 14ಕ್ಕೆ 10 ಗಳಿಸಿದ್ದಾರೆ, ಅದು ಎದುರಾಳಿಗಳ ಸರಾಸರಿಗಿಂತ 159 ಮೇಲೆ. ವಿಂಟರ್ 14ಕ್ಕೆ 2.5, ಅದು 265 ಕೆಳಗೆ. ಈ ಹೊಸ ರೇಟಿಂಗ್ ಇಟ್ಟುಕೊಂಡು ಒಂದೊಂದು ಆಟಕ್ಕೂ ನಿರೀಕ್ಷಿತ ಅಂಕ ಎಷ್ಟು ಅಂತ ಮತ್ತೆ ನೋಡಿ. ನಿಜವಾದ ಅಂಕಕ್ಕಿಂತ ಅದು ಕಮ್ಮಿ ಬಂದರೆ ರೇಟಿಂಗ್ ಸ್ವಲ್ಪ ಏರಿಸಿ, ಜಾಸ್ತಿ ಬಂದರೆ ಇಳಿಸಿ. ಹೀಗೆ ಸುತ್ತು ಹಾಕುತ್ತಾ ಹೋದರೆ ಸಂಖ್ಯೆಗಳು ಒಂದು ಕಡೆ ನಿಲ್ಲುತ್ತವೆ.

ಇದನ್ನು ಮಾಡುವಾಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಎಲ್ಲರೂ ಎಲ್ಲರೊಡನೆ ಆಡುವ ಟೂರ್ನಿಯಲ್ಲಿ ಒಂದೇ ಅಂಕ ಗಳಿಸಿದವರಿಗೆ ಒಂದೇ ರೇಟಿಂಗ್ ಬರುತ್ತದೆ. ಬಲವಾದವರನ್ನು ಸೋಲಿಸಿ ಬಾಲದವರಿಗೆ ಸೋತರೂ ಅಷ್ಟೇ, ಉಲ್ಟಾ ಆದರೂ ಅಷ್ಟೇ. ಹಾಗಾಗಿ ಒಂದೇ ಟೂರ್ನಿ ಇಟ್ಟುಕೊಂಡು ಕೂತರೆ ಅಂಕಪಟ್ಟಿಯನ್ನೇ ಬೇರೆ ಅಳತೆಯಲ್ಲಿ ಬರೆದಂತಾಗುತ್ತದೆ, ಹೊಸದೇನೂ ಸಿಗುವುದಿಲ್ಲ. ಟೂರ್ನಿಗಳನ್ನು ಒಂದಕ್ಕೊಂದು ಹೆಣೆದಾಗ ಮಾತ್ರ ರೇಟಿಂಗ್ ಮಾತಾಡಲು ಶುರು ಮಾಡುತ್ತದೆ.

ಈಗ ಆವ್ರೊ. ನೆದರ್‌ಲ್ಯಾಂಡ್ಸ್‌ನ ರೇಡಿಯೊ ಸಂಸ್ಥೆಯೊಂದು ನಡೆಸಿದ ಟೂರ್ನಿ ಇದು. ಎಂಟು ಜನ, ಇಬ್ಬಿಬ್ಬರ ನಡುವೆ ಎರಡೆರಡು ಆಟ, 14 ಸುತ್ತು, ಊರಿಂದ ಊರಿಗೆ ಓಡಾಟ. ಕ್ಯಾಪಬ್ಲಾಂಕಾಗೆ ಟೂರ್ನಿಯ ನಡುವೆಯೇ 50 ತುಂಬಿತು. ಕೆರೆಸ್ ಮತ್ತು ಫೈನ್ ತಲಾ 8.5, ಬೊಟ್ವಿನ್ನಿಕ್ 7.5, ಯೂವೆ, ರೆಶೆವ್‌ಸ್ಕಿ, ಅಲೆಖಿನ್ ತಲಾ 7, ಕ್ಯಾಪಬ್ಲಾಂಕಾ 6, ಫ್ಲೋರ್ 4.5. ಕೆರೆಸ್ ಒಂದೂ ಸೋಲದೆ 3 ಗೆದ್ದು 11 ಡ್ರಾ ಮಾಡಿಕೊಂಡರು. ಫೈನ್ 6 ಗೆದ್ದು 3 ಸೋತರು. ಮೊದಲ ಸ್ಥಾನದವರು ಎದುರಾಳಿಗಳ ಸರಾಸರಿಗಿಂತ ಬರೀ 76 ಮೇಲೆ. ಕೊನೆಯ ಫ್ಲೋರ್ 130 ಕೆಳಗೆ. ಇಷ್ಟು ಇಕ್ಕಟ್ಟಾದ ಟೂರ್ನಿ ಆ ಕಾಲದಲ್ಲಿ ಬೇರೆ ನನಗೆ ಕಂಡಿಲ್ಲ.

ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನಾಟಿಂಗ್‌ಹ್ಯಾಮ್‌ನ ಮೊದಲ ಎಂಟು ಜನರಲ್ಲಿ ಏಳು ಜನ ಆವ್ರೊದಲ್ಲೂ ಇದ್ದಾರೆ! ಕೆರೆಸ್ ಬದಲು ಲಾಸ್ಕರ್, ಅಷ್ಟೇ ವ್ಯತ್ಯಾಸ. ಆ ಲಾಸ್ಕರ್‌ಗೆ ಆಗ 67 ವರ್ಷ. ಹಾಗಿದ್ದೂ ಆಡಿದವರೆಲ್ಲರ ರೇಟಿಂಗ್‌ನ ಸರಾಸರಿ ತೆಗೆದರೆ ನಾಟಿಂಗ್‌ಹ್ಯಾಮ್ ಯಾಕೆ ಅಷ್ಟು ಕೆಳಗೆ ಬೀಳುತ್ತದೆ? ಮೇಲಿನ ಎಂಟು ಜನ ಒಟ್ಟು 74.5 ಅಂಕ ಗಳಿಸಿದರು. ಅದರಲ್ಲಿ 28 ಅವರವರ ನಡುವಿನ ಆಟಗಳಿಂದ ಬಂದದ್ದು. ಉಳಿದ 46.5 ಕೆಳಗಿನ ಏಳು ಜನರಿಂದ, 56 ಆಟಗಳಲ್ಲಿ. ಅದು ಶೇ 83. ರೇಟಿಂಗ್‌ಗೆ ತಿರುಗಿಸಿದರೆ ಎರಡು ಗುಂಪುಗಳ ನಡುವೆ ಸುಮಾರು 275 ಪಾಯಿಂಟ್ ಅಂತರ. ಈ ಬಾಲ ಸೇರಿದ್ದಕ್ಕೆ ಇಡೀ ಟೂರ್ನಿಯ ಸರಾಸರಿ ಸುಮಾರು 130 ಕೆಳಗೆ ಇಳಿಯುತ್ತದೆ. ಫಿಡೆ ಟೂರ್ನಿಗಳ ದರ್ಜೆಯನ್ನು 25 ಪಾಯಿಂಟ್‌ಗೆ ಒಂದರಂತೆ ಏರಿಸುತ್ತದೆ. 2251ರಿಂದ 2275 ಒಂದನೇ ಕೆಟಗರಿ. ಮೇಲಿನ ಎಂಟು ಜನರಿಗೆ ಸರಾಸರಿ 2650 ಅಂತ ಇಟ್ಟುಕೊಂಡರೆ ಅವರಷ್ಟೇ ಆಡುವ ಟೂರ್ನಿ 16ನೇ ಕೆಟಗರಿ. ನಾಟಿಂಗ್‌ಹ್ಯಾಮ್ ಇಡಿಯಾಗಿ 11ನೇ ಕೆಟಗರಿ. ಐದು ಮೆಟ್ಟಿಲು! ಜಗತ್ತಿನ ಅದೇ ದಿಗ್ಗಜರು ಅಲ್ಲೂ ಒಬ್ಬರ ಎದುರು ಒಬ್ಬರು ಕೂತಿದ್ದರು ಅನ್ನುವುದನ್ನು ಆ ಸರಾಸರಿ ಹೇಳುವುದೇ ಇಲ್ಲ.

ಅದಕ್ಕೇ ನಾನು ಸರಾಸರಿಯನ್ನು ಪಕ್ಕಕ್ಕಿಟ್ಟೆ. ಈಗ ನೋಡುವುದು ಎರಡು ವಿಷಯ: ಆ ತಿಂಗಳು ಜಗತ್ತಿನ ಮೊದಲ ಹತ್ತು ಜನರಲ್ಲಿ ಎಷ್ಟು ಮಂದಿ ಬಂದಿದ್ದರು, ಮತ್ತು ಅವರವರ ನಡುವೆಯೇ ಎಷ್ಟು ಆಟ ನಡೆದವು. ಆವ್ರೊದಲ್ಲಿ ಎಂಟು ಜನರ ನಡುವೆ 56 ಆಟ, ನಾಟಿಂಗ್‌ಹ್ಯಾಮ್‌ನ ಮೇಲಿನ ಎಂಟು ಜನರ ನಡುವೆ 28. ಆವ್ರೊ ಮುಂದಿದೆ, ಸರಿ. ಆದರೆ ಐದು ಮೆಟ್ಟಿಲಿನ ಅಂತರ ಅಲ್ಲ ಅದು.

ಸಣ್ಣ ಟೂರ್ನಿಗಳಲ್ಲಿ ಇನ್ನೊಂದು ತೊಂದರೆ. 1895ರ ಡಿಸೆಂಬರ್‌ನಿಂದ 1896ರ ಜನವರಿವರೆಗೆ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಾಲ್ಕೇ ಜನ ಆಡಿದರು: ಲಾಸ್ಕರ್, ಸ್ಟೈನಿಟ್ಸ್, ಪಿಲ್ಸ್‌ಬರಿ, ಚಿಗೋರಿನ್. ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ ನಡೆದ 1895ರ ಟೂರ್ನಿಯ ಮೊದಲ ಐವರಿಗೆ ಕರೆ ಹೋಗಿತ್ತು, ಟಾರಾಶ್ ಬರಲಿಲ್ಲ. ಒಬ್ಬೊಬ್ಬರ ಜೊತೆ ಆರಾರು ಆಟ. ಮೊದಲರ್ಧದಲ್ಲಿ ಪಿಲ್ಸ್‌ಬರಿ 9ಕ್ಕೆ 6.5. ಎರಡನೇ ಅರ್ಧದಲ್ಲಿ 9ಕ್ಕೆ 1.5! ಅದೇ ಮೂವರು ಎದುರಾಳಿಗಳು, ಅದೇ ಊರು. ಲೆಕ್ಕ ಹಾಕಿದರೆ ಮೊದಲರ್ಧ 166 ಮೇಲೆ, ಎರಡನೆಯದು 280 ಕೆಳಗೆ. ಒಂದೇ ಟೂರ್ನಿಯಲ್ಲಿ ಒಬ್ಬನೇ ಮನುಷ್ಯ ಸುಮಾರು 445 ಪಾಯಿಂಟ್ ಜಾರಿದ. ಒಂಬತ್ತು ಆಟ ನೋಡಿ ಯಾರ ಬಲವನ್ನೂ ತೀರ್ಮಾನಿಸಬೇಡಿ ಅಂತ ನಾನು ಹೇಳುವುದು ಇದನ್ನು ನೋಡಿಯೇ. ನನ್ನ ಶೀಟ್‌ನಲ್ಲಿ ಪ್ರತಿ ರೇಟಿಂಗ್ ಪಕ್ಕ ಎಷ್ಟು ಆಟದ ಮೇಲೆ ಬಂದದ್ದು ಅಂತ ಒಂದು ಕಾಲಂ ಇದೆ. ಆ ಕಾಲಂ ನೋಡದೆ ರೇಟಿಂಗ್ ಓದುವುದೇ ಇಲ್ಲ.

1914ರ ಸೇಂಟ್ ಪೀಟರ್ಸ್‌ಬರ್ಗ್ ನನಗೆ ತುಂಬಾ ಇಷ್ಟದ್ದು. 11 ಜನರ ಪ್ರಾಥಮಿಕ ಹಂತ, ಮೇಲಿನ ಐವರಿಗೆ ಫೈನಲ್. ಮೊದಲ ಹಂತದಲ್ಲಿ ಕ್ಯಾಪಬ್ಲಾಂಕಾ 8, ಲಾಸ್ಕರ್ 6.5. ಫೈನಲ್‌ನಲ್ಲಿ ಲಾಸ್ಕರ್ 8ಕ್ಕೆ 7 ಗಳಿಸಿ ಒಟ್ಟು 13.5, ಕ್ಯಾಪಬ್ಲಾಂಕಾ 13. ಎರಡು ವರ್ಷದ ಹಿಂದೆ ಒಂದೇ ವರ್ಷದಲ್ಲಿ ಐದು ಟೂರ್ನಿ ಗೆದ್ದಿದ್ದ ರೂಬಿನ್‌ಸ್ಟೈನ್ ಫೈನಲ್‌ಗೇ ಬರಲಿಲ್ಲ. ಟೂರ್ನಿಯ ಹಿಂದಿನ ದಿನದ ನನ್ನ ಪಟ್ಟಿಯಲ್ಲಿ ಅವರು ತೀರಾ ಮೇಲಿದ್ದಾರೆ. ಹಾಗಾಗಿ ಎರಡು ಹಂತಗಳನ್ನೂ ಬೇರೆ ಬೇರೆ ಟೂರ್ನಿ ಅಂತಲೇ ಇಟ್ಟೆ. 1910ರಲ್ಲಿ ಲಾಸ್ಕರ್ ಜೊತೆ 5–5 ಸಮ ಮಾಡಿಕೊಂಡಿದ್ದ ಷ್ಲೆಷ್ಟರ್ ಅಲ್ಲಿರಲಿಲ್ಲ, ಮರೋಸಿಯೂ ಇರಲಿಲ್ಲ. ಬಾರದವರ ಪಟ್ಟಿ ಬರೆಯದೆ ಟೂರ್ನಿಯ ಬಲ ಗೊತ್ತಾಗುವುದಿಲ್ಲ.

ಟೂರ್ನಿಗಳನ್ನು ಹೆಣೆಯುವ ಕೆಲಸಕ್ಕೆ ಸೇತುವೆಗಳು ಬೇಕು, ಅಂದರೆ ಬೇರೆ ಬೇರೆ ಗುಂಪಿನವರು ಒಟ್ಟಿಗೆ ಆಡಿದ ಆಟಗಳು. 1930ರ ದಶಕದ ಸೋವಿಯತ್ ಆಟಗಾರರು ಹೆಚ್ಚಾಗಿ ತಮ್ಮತಮ್ಮಲ್ಲೇ ಆಡುತ್ತಿದ್ದರು. ಮಾಸ್ಕೋ 1925, 1935, 1936 ಟೂರ್ನಿಗಳನ್ನು ಕೈಬಿಟ್ಟು ಲೆಕ್ಕ ಹಾಕಿ ನೋಡಿದೆ. ಆ ಗುಂಪಿನ ರೇಟಿಂಗ್ ಹಿಡಿತವಿಲ್ಲದೆ ತೇಲಾಡಿತು. 1935ರಲ್ಲಿ ಬೊಟ್ವಿನ್ನಿಕ್, ಫ್ಲೋರ್ ತಲಾ 13, ಲಾಸ್ಕರ್ 12.5, ಕ್ಯಾಪಬ್ಲಾಂಕಾ 12. 1936ರಲ್ಲಿ ಕ್ಯಾಪಬ್ಲಾಂಕಾ 13, ಬೊಟ್ವಿನ್ನಿಕ್ 12. ಹೊರಗಿನವರು ಬಂದು ಆಡಿದ ಈ ಆಟಗಳಿಂದಲೇ ಆ ಗುಂಪು ಜಗತ್ತಿನ ಅಳತೆಗೆ ಸಿಗುತ್ತದೆ.

ದೇಶಗಳ ತಂಡಗಳು ಆಡುವ ಒಲಿಂಪಿಯಾಡ್‌ಗಳೂ ಒಳ್ಳೆಯ ಸೇತುವೆ. ಅವಿಭಜಿತ ಪಂಜಾಬಿನಿಂದ ಹೋದ ಮೀರ್ ಸುಲ್ತಾನ್ ಖಾನ್ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಹೇಸ್ಟಿಂಗ್ಸ್ 1930–31ರಲ್ಲಿ ಕ್ಯಾಪಬ್ಲಾಂಕಾರನ್ನು ಸೋಲಿಸಿದರು. 1931ರ ಪ್ರಾಗ್ ಒಲಿಂಪಿಯಾಡ್‌ನಲ್ಲಿ ಫ್ಲೋರ್, ರೂಬಿನ್‌ಸ್ಟೈನ್ ಇಬ್ಬರ ಮೇಲೂ ಗೆದ್ದರು. ಯುರೋಪಿನಲ್ಲಿ ಅವರು ಆಡಿದ್ದು ಕೆಲವೇ ವರ್ಷ. ಇಂಗ್ಲೆಂಡಿನ ಟೂರ್ನಿಗಳಷ್ಟೇ ಇದ್ದಿದ್ದರೆ ಅವರ ರೇಟಿಂಗ್ ಎಲ್ಲಿ ಕೂರಿಸಬೇಕು ಅನ್ನುವುದೇ ಕಷ್ಟ ಆಗುತ್ತಿತ್ತು. ಒಲಿಂಪಿಯಾಡ್‌ಗಳಲ್ಲಿ ಒಂದನೇ ಬೋರ್ಡ್‌ನಲ್ಲಿ ಕೂತು ದೇಶದೇಶದ ಉತ್ತಮರೊಡನೆ ಆಡಿದ್ದರಿಂದ ಅವರಿಗೆ ಗಟ್ಟಿ ನೆಲ ಸಿಕ್ಕಿತು. ಫಿಡೆ 2024ರಲ್ಲಿ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟಿತು. ನನ್ನ ಪಟ್ಟಿ ನೋಡಿದರೆ ಅದು ಎಷ್ಟೋ ಮೊದಲೇ ಬರಬೇಕಿತ್ತು.

ಕ್ಯಾಪಬ್ಲಾಂಕಾಗೆ ಬಂದ ಸಂಖ್ಯೆಯನ್ನು ಈ ಕಾಲದ ಮ್ಯಾಗ್ನಸ್ ಕಾರ್ಲ್‌ಸನ್‌ನ ಅತಿ ಹೆಚ್ಚಿನ ರೇಟಿಂಗ್ 2882ರ ಪಕ್ಕ ಇಡಬಹುದಾ ಅಂತ ಕೇಳುವವರಿದ್ದಾರೆ. ಇಡಬಾರದು. ರೇಟಿಂಗ್ ಹೇಳುವುದು ಜೊತೆಗಾರರಿಗಿಂತ ಎಷ್ಟು ಮೇಲೆ ಅನ್ನುವುದನ್ನು ಮಾತ್ರ. ನಾನು ಆರಂಭಕ್ಕೆ 2500 ಕೊಟ್ಟಿದ್ದು ಸುಮ್ನೆ ಒಂದು ಆಧಾರ, 2000 ಕೊಟ್ಟಿದ್ದರೂ ಅಂತರಗಳು ಅವೇ. 1972ರಲ್ಲಿ ವಿಶ್ವ ಚಾಂಪಿಯನ್ ಪಟ್ಟಕ್ಕೆ ಆಡಿದಾಗ ಫಿಷರ್ 2785, ಸ್ಪಾಸ್ಕಿ 2660. ಅಲ್ಲಿ ನೋಡಬೇಕಾದ್ದು ಆ 125ರ ಅಂತರ.

ಈಗ ಕೂತಿರುವುದು ಯುದ್ಧದ ವರ್ಷಗಳ ಮೇಲೆ. ಅಮೆರಿಕದವರು ಅಮೆರಿಕದಲ್ಲಿ, ಸೋವಿಯತ್ತಿನವರು ತಮ್ಮಲ್ಲಿ, ಅಲೆಖಿನ್ ಮತ್ತು ಕೆರೆಸ್ ಜರ್ಮನಿಯ ಹಿಡಿತದಲ್ಲಿದ್ದ ಊರುಗಳಲ್ಲಿ. ಸೇತುವೆಗಳು ಬಹುತೇಕ ಕಡಿದುಹೋಗಿವೆ. 1945ರ ಸೆಪ್ಟೆಂಬರ್‌ನಲ್ಲಿ ನಡೆದ ಅಮೆರಿಕ–ಸೋವಿಯತ್ ರೇಡಿಯೊ ಪಂದ್ಯದಲ್ಲಿ ಹತ್ತು ಬೋರ್ಡ್, ಇಪ್ಪತ್ತು ಆಟ, ಫಲಿತಾಂಶ 15.5–4.5. ಆಮೇಲೆ 1946ರ ಗ್ರೋನಿಂಗನ್‌ನಲ್ಲಿ ಬೊಟ್ವಿನ್ನಿಕ್ 14.5, ಯೂವೆ 14, ಸ್ಮಿಸ್ಲೊವ್ 12.5. ಈ ಎರಡನ್ನು ಹಿಡಿದು ಆ ಮೂರು ಗುಂಪುಗಳನ್ನು ಜೋಡಿಸುತ್ತಿದ್ದೇನೆ. ಬರೀ ಇಪ್ಪತ್ತು ಆಟದ ಆ ರೇಡಿಯೊ ಪಂದ್ಯದ ಮೇಲೆ ಎಷ್ಟು ಭಾರ ಹೊರಿಸಬಹುದು ಅನ್ನುವುದು ಆಟಗಳ ಕಾಲಂ ತುಂಬಿದ ಮೇಲೆ ತೀರ್ಮಾನ ಆಗಬೇಕು.